ಕನಕರಾಜ ಗುರುತಿಸಿದ ಕಾರು

ಕನಕರಾಜನಿಗೆ ಬಂದ ಕಷ್ಟಕ್ಕೆಲ್ಲ ಅವನ ಬಾಯೇ ಕಾರಣ. ಆ ಸೋಮವಾರ ಬೆಳಗ್ಗೆ ಹೋಟೆಲಿನಲ್ಲಿ ಮುಂದಿಟ್ಟ ಮಂಡಕ್ಕಿ ಒಗ್ಗರಣೆಯನ್ನು ಆ ಬಾಯಿಗೆ ತುಂಬಿಕೊಂಡು ತೆಪ್ಪಗೆ ಎದ್ದು ಬಂದಿದ್ದರೆ ಇಷ್ಟು ರಂಪವೇ ಆಗುತ್ತಿರಲಿಲ್ಲ. ತೆಪ್ಪಗಿರುವುದು ಅವನ ಜಾಯಮಾನವಲ್ಲ. ಮೊಬೈಲನ್ನು ಮೂಗಿನ ಮಟ್ಟಕ್ಕೆ ಎತ್ತಿ ಹಿಡಿದು, ಟೀ ಕುಡಿಯುತ್ತಿದ್ದವರಿಗೆಲ್ಲ ಕೇಳುವಂತೆ, "ಇದ್ಯಾವ ಕಾರು, ಹೇಳ್ರಿ ನೋಡಾಣ" ಅಂದ.

ಫೋಟೋದಲ್ಲಿ ಕಾರೇ ಇರಲಿಲ್ಲ. ಒಂದು ಮಡ್‌ಗಾರ್ಡಿನ ಚೂರು, ಅದರ ಹಿಂದೆ ಒಂದಿಷ್ಟು ಜಾಲಿ ಗಿಡ, ಅಷ್ಟೇ.

"ತುಕ್ಕು ಹಿಡಿದ ತಗಡು ಕಣಪ್ಪ," ಅಂದ ಹೋಟೆಲಿನ ಮಾರಣ್ಣ.

"ಅದಕ್ಕೇ ನೀನು ಮೂವತ್ತು ವರ್ಷದಿಂದ ಇಲ್ಲೇ ಮೆಣಸಿನಕಾಯಿ ಬಜ್ಜಿ ಬಿಡ್ತಾ ನಿಂತಿದೀಯ. ಈ ಅಂಚಿನ ಮಡಿಕೆ ನೋಡು. ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿ ಹಂಬರ್. ನಂಗೆ ಒಂದು ಹೆಡ್‌ಲೈಟಿನ ತುದಿ ತೋರ್ಸು ಸಾಕು, ಯಾವ ಕಂಪನಿ, ಯಾವ ಇಸವಿ, ನಿದ್ದೆಗಣ್ಣಲ್ಲಿ ಹೇಳ್ತೀನಿ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಮೂರು ತಾಲ್ಲೂಕು ಹುಡುಕಿದ್ರೂ ಇನ್ನೊಬ್ಬ ಸಿಗಲ್ಲ."

ಇನ್ನೊಬ್ಬ ಸಿಗುವುದಿಲ್ಲ ಅನ್ನುವುದು ನಿಜ, ಯಾಕೆಂದರೆ ಉಳಿದವರಿಗೆ ಕೆಲಸ ಇತ್ತು. ಕನಕರಾಜ ಕೊಬ್ಬರಿ ಮಂಡಿಯ ಗುಮಾಸ್ತ. ಅವನ ಹತ್ತಿರ ಇದ್ದದ್ದು ಒಂದು ಮೊಪೆಡ್ಡು, ಅದನ್ನೂ ಏರು ಬಂದರೆ ಇಳಿದು ತಳ್ಳಬೇಕು. ಕಾರಿನ ಸ್ಟೀರಿಂಗನ್ನು ಹುಟ್ಟಿದಾಗಿನಿಂದ ಮುಟ್ಟಿದವನಲ್ಲ. ಆದರೆ ಫೋನಿನಲ್ಲಿ ಹಳೇ ಕಾರು ಗುರುತಿಸುವವರದೊಂದು ಗುಂಪಿತ್ತು. ಯಾರೋ ಒಬ್ಬರು ಯಾವುದೋ ಗುಜರಿಯ ಮೂಲೆಯ ಫೋಟೋ ಹಾಕುವುದು, ಉಳಿದವರು ಅದರ ಹೆಸರು, ಇಸವಿ ಹೇಳುವುದು, ಮೊದಲು ಹೇಳಿದವನಿಗೆ ಎಲ್ಲರೂ ಚಪ್ಪಾಳೆಯ ಚಿತ್ರ ಕಳಿಸುವುದು. ಮನೆಯಲ್ಲಿ ಅಕ್ಕಿ ಮುಗಿದದ್ದು ಗೊತ್ತಾಗದ ಮನುಷ್ಯನಿಗೆ ಇಂಗ್ಲೆಂಡಿನಲ್ಲಿ ಎಂದೋ ಮುಚ್ಚಿಹೋದ ಕಂಪನಿಗಳ ಬಂಪರು ಮಾತ್ರ ಬಾಯಿಪಾಠ ಆಗಿತ್ತು.

ಈ ಮಾತು ಮೂಲೆಯ ಟೇಬಲಿನಲ್ಲಿದ್ದ ಚಿಕ್ಕತಿಮ್ಮಪ್ಪ ಮೇಷ್ಟ್ರ ಕಿವಿಗೆ ಬಿತ್ತು. ಮೇಷ್ಟ್ರು ರಿಟೈರಾಗಿ ಎಂಟು ವರ್ಷವಾಗಿತ್ತು. ಮೇಯಿಸಲು ಮಕ್ಕಳಿಲ್ಲದೆ ಕೈ ಕಡಿಯುತ್ತಿದ್ದರಿಂದ ಬೀದಿಯ ಅಭಿವೃದ್ಧಿ ಸಮಿತಿ ಅಂತ ಒಂದನ್ನು ಕಟ್ಟಿ ತಾವೇ ಅಧ್ಯಕ್ಷರಾಗಿದ್ದರು. ಮೂರು ರಸ್ತೆ ಕೂಡುವಲ್ಲಿ ಹೊಸದಾಗಿ ಒಂದು ಎತ್ತರದ ದೀಪದ ಕಂಬ, ಅದರ ಸುತ್ತ ಒಂದು ದುಂಡು ಕಟ್ಟೆ ಬಂದಿತ್ತು. ಅದಕ್ಕೊಂದು ಹೆಸರು ಬೇಕಾಗಿತ್ತು. ದೇವರ ಹೆಸರಿಟ್ಟರೆ ಯಾವ ದೇವರು ಅಂತ ಜಗಳ, ಲೀಡರ ಹೆಸರಿಟ್ಟರೆ ಯಾವ ಪಾರ್ಟಿ ಅಂತ ಜಗಳ. ಕಾರಿಗೆ ಜಾತಿ ಇಲ್ಲ, ಈ ಬೀದಿಗೆ ಮೊದಲ ಕಾರು ತಂದವರ ಹೆಸರಿಡೋಣ ಅಂತ ಮೇಷ್ಟ್ರೇ ಸೂಚಿಸಿ, ಇದ್ದ ಜಗಳಗಳಿಗೆ ಇನ್ನೊಂದನ್ನು ಸೇರಿಸಿದ್ದರು. ನಮ್ಮಜ್ಜನೇ ಮೊದಲು ತಂದಿದ್ದು ಅಂತ ಇಬ್ಬರು ಎದ್ದು ನಿಂತಿದ್ದರು.

"ಕನಕರಾಜ, ಇಬ್ರ ಹತ್ರಾನೂ ಅವರವರ ಅಜ್ಜಂದಿರು ಕಾರಿನ ಜೊತೆ ಇರೋ ಫೋಟೋ ಅವೆಯಂತೆ," ಅಂದರು ಮೇಷ್ಟ್ರು. "ಯಾವ ಕಾರು ಹಳೇದು ಅಂತ ನೀನೇ ನೋಡಿ ಹೇಳಿಬಿಡು. ಸಂಜೆ ಐದಕ್ಕೆ ಕಟ್ಟೆ ಹತ್ರ ಸಭೆ."

"ಅಷ್ಟೇನಾ, ಎರಡು ನಿಮಿಷದ ಕೆಲಸ," ಅಂದ ಕನಕರಾಜ. ಆಮೇಲೆ ಕೇಳಿದ, "ಆ ಇಬ್ರು ಯಾರು ಮೇಷ್ಟ್ರೆ?"

"ಒಬ್ರು ದುರುಗಣ್ಣ. ಇನ್ನೊಬ್ರು ನಿಮ್ಮ ಸಾಹುಕಾರ್ರು, ಪ್ರಸನ್ನಕುಮಾರ್."

ಮಂಡಕ್ಕಿ ಕನಕರಾಜನ ಗಂಟಲಲ್ಲೇ ನಿಂತಿತು. ದುರುಗಣ್ಣ ಅಂದರೆ ಅವನು ಬಾಡಿಗೆಗಿದ್ದ ಮನೆಯ ಯಜಮಾನ. ಪ್ರಸನ್ನಕುಮಾರ್ ಅಂದರೆ ಅವನು ದುಡಿಯುತ್ತಿದ್ದ ಮಂಡಿಯ ಯಜಮಾನ. ಒಬ್ಬರನ್ನು ಗೆಲ್ಲಿಸಿದರೆ ಮನೆ ಹೋಗುತ್ತದೆ, ಇನ್ನೊಬ್ಬರನ್ನು ಗೆಲ್ಲಿಸಿದರೆ ಕೆಲಸ ಹೋಗುತ್ತದೆ.

ಅವನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಹೆಂಡತಿ ಯಮುನಾ ಬಾಗಿಲಲ್ಲೇ ನಿಂತಿದ್ದಳು.

"ರೀ, ಬೋರಿನ ನೀರು ಹಿತ್ತಲಿಗೇ ಬರೋ ಮನೆ ಇದು. ಮಗಳ ಶಾಲೆ ಎದುರಿಗೇ ಐತೆ. ಈ ಮನೆ ಬಿಡಿಸಿದ್ರೋ, ನಾನು ಮಗಳನ್ನ ಕರ್ಕಂಡು ರಾಮಗಿರಿಗೆ ನಮ್ಮವ್ವನ ಮನೆಗೆ ಹೋಗ್ತೀನಿ. ನೀವು ನಿಮ್ಮ ಹಂಬರೋ ಕಿಂಬರೋ ಅದರಾಗೆ ಮಲಿಕ್ಕಳ್ರಿ."

"ಅದು ಬಹಳ ಒಳ್ಳೇ ಗಾಡಿ ಕಣೆ," ಅಂದ ಕನಕರಾಜ. ಅವಳು ಒಳಗೆ ಹೋದಳು.

ಅಷ್ಟರಲ್ಲಿ ಕೆಳಗಿನ ಮನೆಯಿಂದ ದುರುಗಣ್ಣನ ಕರೆ ಬಂತು. ದುರುಗಣ್ಣ ಬಾಡಿಗೆ ತಡವಾದರೆ ಮೆಟ್ಟಿಲ ಕೆಳಗೆ ನಿಂತು ಕೆಮ್ಮುವ ಮನುಷ್ಯ. ಅವತ್ತು "ಬರ್ರಿ, ಬರ್ರಿ, ಕುಂತ್ಕಳ್ರಿ" ಅಂತ ಕುರ್ಚಿ ಒರೆಸಿ ಕೊಟ್ಟ. ದೇವರ ಮನೆಯಿಂದ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಫೋಟೋ ತಂದ. ಫೋಟೋದ ಗಾಜಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಪೇಟ ಸುತ್ತಿದ ಅಜ್ಜ ಕಾರಿನೊಳಗೆ ಕೂತು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಾವಿ ಹಗ್ಗ ಹಿಡಿದ ಹಾಗೆ ಹಿಡಿದಿದ್ದ.

ಕನಕರಾಜ ಫೋಟೋ ನೋಡಿದ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಕಾರಿನ ಮೂತಿ ಒಂದು ಕಂಪನಿಯದು, ದೀಪ ಇನ್ನೊಂದರದು, ಮಡ್‌ಗಾರ್ಡು ಯಾವುದರದ್ದೂ ಅಲ್ಲ. ಗೊತ್ತಾಗಲಿಲ್ಲ ಅಂತ ಹೇಳಿದ್ದರೆ ಆ ಕ್ಷಣಕ್ಕೇ ಬಚಾವಾಗುತ್ತಿದ್ದ. ಆದರೆ ಗೊತ್ತಿಲ್ಲ ಅನ್ನುವ ಮಾತು ಅವನ ಬಾಯಿಂದ ಮದುವೆಯಾದಾಗಿನಿಂದ ಹೊರಟಿರಲಿಲ್ಲ.

"ಜೋವೆಟ್," ಅಂದ. "ಮೂವತ್ತಾರನೇ ಇಸವಿ. ಬಹಳ ಅಪರೂಪ ದುರುಗಣ್ಣೋರೆ."

"ಬಾಗಿಲಿಗೆ ಹಿಡಿಕೇನೇ ಇಲ್ವಲ್ಲ?"

"ಒಳಗಿಂದ ತೆಗಿಯೋದು. ರಾಜರಿಗೆ ಮಾಡ್ತಿದ್ದ ಮಾಡೆಲ್ಲು."

"ಚಕ್ರದ ನೆರಳೂ ಬಿದ್ದಿಲ್ಲ."

"ನಡು ಮಧ್ಯಾಹ್ನ ತೆಗ್ದಿರೋದು."

"ಮಡ್‌ಗಾರ್ಡ್ ಮ್ಯಾಲೆ ಇದೇನೋ ಗುಂಡಗೆ ಐತಲ್ಲ, ಕಡಲೆ ಕಾಳಿನಂಗೆ?"

"ಸಿಗ್ನಲ್ ದೀಪ," ಅಂದ ಕನಕರಾಜ, ಎದೆ ಮುಂದೆ ಮಾಡಿ. "ಅದರ ಕೆಳಗೊಂದು ಗೀರು ಐತೆ ನೋಡ್ರಿ. ಗಾಡಿ ಚೆನ್ನಾಗಿ ಓಡಿಸಿದಾರೆ."

ದುರುಗಣ್ಣನ ಕಣ್ಣು ತುಂಬಿ ಬಂತು. ಕನಕರಾಜ ಆ ಫೋಟೋವನ್ನು ತನ್ನ ಮೊಬೈಲಿನಲ್ಲಿ ಹಿಡಿದುಕೊಂಡ. ಹೊರಡುವಾಗ ದುರುಗಣ್ಣ ಭುಜ ತಟ್ಟಿ, "ನಿಮ್ಮ ಮನೆ ಕರಾರು ಈ ತಿಂಗಳಿಗೆ ಮುಗೀತತೆ ಅಲ್ವಾ, ಸಂಜೆ ಸಭೆ ಆಗ್ಲಿ, ಆಮೇಲೆ ಮಾತಾಡಾಣ" ಅಂದ.

ಮಂಡಿಯಲ್ಲಿ ಪ್ರಸನ್ನಕುಮಾರ್ ಇನ್ನೂ ಸೀದಾ ಮನುಷ್ಯ. "ಇಬ್ರು ಗುಮಾಸ್ತರು ಯಾಕೆ ಬೇಕು ಅಂತ ನಮ್ಮ ಮನೇರು ಕೇಳ್ತಾನೇ ಅವ್ರೆ," ಅಂತ ಶುರು ಮಾಡಿ, ಬೀರುವಿನಿಂದ ಫೋಟೋ ತೆಗೆದ. ಇವನ ಅಜ್ಜ ಕಾರಿನ ಪಕ್ಕ ಕೋಟು ಹಾಕಿ, ಬಾನೆಟ್ಟಿನ ಮೇಲೆ ಕೈ ಇಟ್ಟು ನಿಂತಿದ್ದ. ಕೈ ಇಟ್ಟದ್ದು ಅನ್ನುವುದಕ್ಕಿಂತ, ಬಾನೆಟ್ಟು ಬೀಳದಂತೆ ಹಿಡಿದುಕೊಂಡ ಹಾಗೆ ಕಾಣುತ್ತಿತ್ತು. ಅದೂ ಕನಕರಾಜನಿಗೆ ರಾಜಠೀವಿ ಅನ್ನಿಸಿತು.

"ಯಾವ ಕಾರಯ್ಯ?"

ಬೆಳಗ್ಗೆ ಜೋವೆಟ್ ಅಂದಾಗಿತ್ತು. ಅದನ್ನೇ ಇಲ್ಲೂ ಹೇಳಲಾದೀತೇ. "ಲಾಂಚೆಸ್ಟರ್ ಸಾರ್. ಇಂಜಿನ್ನೇ ಬೇರೆ ಲೆವೆಲ್ಲು."

"ನಮ್ದು ಹಳೇದೋ, ದುರುಗಂದೋ?"

"ಅದು ವೈಜ್ಞಾನಿಕವಾಗಿ ನೋಡ್ಬೇಕು ಸಾರ್," ಅಂದು ಇದನ್ನೂ ಮೊಬೈಲಿನಲ್ಲಿ ಹಿಡಿದುಕೊಂಡು ಗೋಣಿಚೀಲಗಳ ಹಿಂದೆ ತಪ್ಪಿಸಿಕೊಂಡ.

ಮಧ್ಯಾಹ್ನ ಎರಡೂ ಫೋಟೋಗಳನ್ನು, ಮೊದಲನೆಯದು ಜೋವೆಟ್ ಅಲ್ಲವೇ ಅಂತ ಬರೆದು, ಗುಂಪಿಗೆ ಹಾಕಿದ. ಗುಂಪಿನ ಹಿರಿಯ ಕೊಯಮತ್ತೂರಿನ ಒಬ್ಬ ರಿಟೈರ್ಡ್ ಇಂಜಿನಿಯರು. ಅವರು "ನೋಡಿ ಹೇಳುತ್ತೇನೆ" ಅಂತ ಬರೆದು ಸುಮ್ಮನಾದರು. ಉಳಿದವರಲ್ಲಿ ಒಬ್ಬ ಫ್ರಾನ್ಸಿನ ಗಾಡಿ ಅಂದ, ಒಬ್ಬ ಇಟಲಿ ಅಂದ. ಕನಕರಾಜ ಊಟದ ಡಬ್ಬಿ ಪಕ್ಕಕ್ಕಿಟ್ಟು ಎರಡು ಫೋಟೋಗಳನ್ನೂ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಆಗ ಕಾಣಿಸಿತು. ಪ್ರಸನ್ನಕುಮಾರನ ಫೋಟೋದಲ್ಲೂ ಮಡ್‌ಗಾರ್ಡಿನ ಮೇಲೆ ಅದೇ ಕಡಲೆ ಕಾಳು, ಅದರ ಕೆಳಗೆ ಅದೇ ಗೀರು. ಎರಡೂ ಒಂದೇ ಕಾರು.

ಒಂದೇ ಕಾರಾದರೆ ಯಾರು ಮೊದಲು ಕೊಂಡರು, ಯಾರು ಯಾರಿಗೆ ಮಾರಿದರು. ಇದನ್ನು ಬಲ್ಲವರು ಆ ಬೀದಿಯಲ್ಲಿ ಒಬ್ಬರೇ ಉಳಿದಿದ್ದರು. ಬೀದಿಯ ಕೊನೆಗೆ, ಕುರಿಹಟ್ಟಿಯ ಪಕ್ಕದ ಮನೆಯ ಕಾಳಕ್ಕ. ಎಂಬತ್ತೈದು ದಾಟಿದ್ದಳು. ಹಲ್ಲಿಲ್ಲದಿದ್ದರೂ ಎಲೆ ಅಡಿಕೆ ಕುಟ್ಟಿ ಹಾಕಿಕೊಳ್ಳುತ್ತಿದ್ದಳು. ಊರವರ ಗುಟ್ಟೆಲ್ಲ ಬಾಯಲ್ಲೇ ಇಟ್ಟುಕೊಂಡು, ಬೇಕಾದವರ ಎದುರಿಗೆ ಮಾತ್ರ ಉಗಿಯುತ್ತಿದ್ದಳು. ಕನಕರಾಜ ಮೊಪೆಡ್ ತಳ್ಳಿಕೊಂಡು ಹೋಗಿ ಅವಳ ಮುಂದೆ ಮೊಬೈಲ್ ಹಿಡಿದ.

ಕಾಳಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ನಕ್ಕೂ ನಕ್ಕೂ ಕುಟ್ಟಾಣಿಯನ್ನೇ ಕೆಳಗಿಟ್ಟಳು.

"ಲೇ, ಇದು ರಾಮಗಿರಿ ಟೇಸನ್ ಎದುರಿಗಿತ್ತಲ್ಲ ಫೋಟೋದೋನ ಅಂಗಡಿ, ಅಲ್ಲಿದ್ದ ಹಲಗೆ ಕಾರು ಕಣೋ."

"ಹಲಗೆ?"

"ಪಿಲೈವುಡ್ಡು ಅಂತೀರಲ್ಲ, ಅದು. ಮುಂದ್ಗಡೆ ಕಾರು ಬರೆದಿದ್ದ, ಹಿಂದ್ಗಡೆ ಒಂದು ಸ್ಟೂಲು. ಕಾರಿನ ಫೋಟಕ್ಕೆ ನಾಲ್ಕಾಣೆ, ಇಮಾನಕ್ಕೆ ಎಂಟಾಣೆ. ಮದುವೆ ಆದೋರೆಲ್ಲ ರೈಲು ನೋಡಾಕೆ ಅಂತ ಹೋಗಿ ತೆಗೆಸ್ಕಂಡು ಬರೋರು. ನಾವೂ ಹೋಗಿದ್ವಿ."

"ಹಂಗಾದ್ರೆ ಈ ಸಿಗ್ನಲ್ ದೀಪ?"

"ಎಲ್ಲಿ, ತೋರ್ಸು. ಥೂ, ಮೊಳೆ ಕಣೋ. ಹಿಂದ್ಗಡೆ ಪಟ್ಟಿಗೆ ಹೊಡೆದಿದ್ದ ಮೊಳೆ."

ಅವಳು ಟ್ರಂಕು ತೆಗೆದು, ಮಾಸಿದ ಸೀರೆಯ ಮಡಿಕೆಯಿಂದ ಒಂದು ಫೋಟೋ ತೆಗೆದಳು. ಹದಿನಾರರ ಕಾಳಕ್ಕ ಸ್ಟೀರಿಂಗ್ ಹಿಡಿದು ಕೂತಿದ್ದಳು. ಕಂಬಳಿ ಹೊದ್ದ ಗಂಡ ದೂರಕ್ಕೆ ಸರಿದು ನಿಂತಿದ್ದ.

"ನಮ್ಮೋನು ಹೆದರ್ಕಂಡ. ಗಾಡಿ ಹೊಂಟುಬಿಟ್ರೆ ಏನ್ ಮಾಡ್ಲಿ, ನೀನೇ ಕುಂತ್ಕ ಅಂದ. ಪಾಪದೋನು," ಅಂತ ಕಾಳಕ್ಕ ಸೆರಗಿನಿಂದ ಫೋಟೋ ಒರೆಸಿದಳು.

ಕನಕರಾಜ ಆ ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ. ಜಗತ್ತಿನ ಕಾರುಗಳನ್ನೆಲ್ಲ ಬಂಪರಿನ ತುದಿಯಿಂದ ಗುರುತಿಸುವ ಗಂಡಸು, ಹಲಗೆಗೆ ಬಳಿದ ಬಣ್ಣಕ್ಕೆ ಇಸವಿ ಹೇಳಿ ಬಂದಿದ್ದ. ನಾಚಿಕೆ ಅನ್ನುವುದು ಇದ್ದಿದ್ದರೆ ಅಲ್ಲೇ ಹಟ್ಟಿಯೊಳಗೆ ಹೊಕ್ಕು ಕುರಿಗಳ ನಡುವೆ ಕೂತುಬಿಡುತ್ತಿದ್ದ. ಅವನಿಗೆ ನಾಚಿಕೆಗಿಂತ ಹೆದರಿಕೆ ಮೊದಲು ಬಂತು. ನಿಜ ಹೇಳಿದರೆ ಇಬ್ಬರು ಯಜಮಾನರ ಮರ್ಯಾದೆಯೂ ಬೀದಿಪಾಲು. ಆಗ ಮನೆಯೂ ಹೋಯಿತು, ಕೆಲಸವೂ ಹೋಯಿತು.

ದಾರಿಯಲ್ಲಿ ಮೊಪೆಡ್ ತಳ್ಳುತ್ತ ಅವನಿಗೆ ಒಂದು ಉಪಾಯ ಹೊಳೆಯಿತು. ಉಪಾಯ ಹೊಳೆದಾಗಲೆಲ್ಲ ಅವನಿಗೆ ನಷ್ಟವೇ ಆಗಿದೆ ಅನ್ನುವುದು ಅವನಿಗೆ ನೆನಪಾಗಲಿಲ್ಲ.

ಐದು ಗಂಟೆಗೆ ಕಟ್ಟೆಯ ಸುತ್ತ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬೋರ್ಡು ಆಗಲೇ ತಯಾರಿತ್ತು. ಅರ್ಧ ಜಾಗ ಖಾಲಿ ಬಿಟ್ಟು, ಮುಂದೆ 'ಸರ್ಕಲ್' ಅಂತ ಬರೆದು, ಪೇಂಟರು ಬ್ರಷ್ ಹಿಡಿದು ಬೀಡಿ ಸೇದುತ್ತ ಕಾಯುತ್ತಿದ್ದ. ದುರುಗಣ್ಣ ಒಂದು ಕಡೆ, ಪ್ರಸನ್ನಕುಮಾರ್ ಇನ್ನೊಂದು ಕಡೆ, ಮಡಿಲಲ್ಲಿ ಅಜ್ಜಂದಿರನ್ನು ಇಟ್ಟುಕೊಂಡು ಕೂತಿದ್ದರು. ಮೋಜು ನೋಡಲು ಕಾಳಕ್ಕನೂ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

ಕನಕರಾಜ ಮೊದಲು ಮೇಷ್ಟ್ರ ಕೈಗೆ ತನ್ನ ತೀರ್ಪು ಬರೆದು ಸಹಿ ಹಾಕಿದ ಒಂದು ಕಾಗದ ಕೊಟ್ಟ. ಆಮೇಲೆ ಗಂಟಲು ಸರಿ ಮಾಡಿಕೊಂಡ.

"ಮಹನೀಯರೇ, ಎರಡೂ ಫೋಟೋದಾಗೆ ಇರೋದು ಒಂದೇ ಕಾರು. ಸಿಗ್ನಲ್ ದೀಪ ನೋಡ್ರಿ, ಅದರ ಕೆಳಗಿನ ಗೀರು ನೋಡ್ರಿ. ಕಾರಿನ ವಯಸ್ಸು ಗೀರಲ್ಲಿ ಇರ್ತತೆ, ಇದು ನಮ್ಮ ಶಾಸ್ತ್ರ. ಗೀರು ಇಲ್ದಿದ್ರೆ ಹೊಸ ಗಾಡಿ, ಗೀರು ಬಿದ್ರೆ ಆಮೇಲಿನದು. ಎರಡೂ ಕಡೆ ಒಂದೇ ಗೀರು ಇರೋದ್ರಿಂದ ಎರಡೂ ಒಂದೇ ಕಾಲದ್ದು. ಅಂದ್ರೆ ಇಬ್ರು ಅಜ್ಜಂದಿರೂ ಜೀವದ ಗೆಳೆಯರು, ಕೂಡಿ ಕಾರು ತಂದಿದಾರೆ. ಸರ್ಕಲ್ಲಿಗೆ ಇಬ್ರ ಹೆಸರೂ ಇಡಾಣ."

ಜನ ಚಪ್ಪಾಳೆ ತಟ್ಟಿದರು. ಕನಕರಾಜ ಕೈ ಮುಗಿದ. ದೂರದಲ್ಲಿ ಯಮುನಾ ಮೊದಲ ಸಲ ಗಂಡನನ್ನು ಮೆಚ್ಚಿ ನೋಡಿದಳು.

"ನಂಗೆ ಬೆಳಗ್ಗೆ ಜೋವೆಟ್ ಅಂದ್ರಿ," ಅಂದ ದುರುಗಣ್ಣ.

"ನಂಗೆ ಲಾಂಚೆಸ್ಟರ್ ಅಂದ್ಯಲ್ಲ," ಅಂದ ಪ್ರಸನ್ನಕುಮಾರ್.

"ಬಾಡಿ ಜೋವೆಟ್, ಇಂಜಿನ್ ಲಾಂಚೆಸ್ಟರ್," ಅಂದ ಕನಕರಾಜ. "ಕಾಗದದಾಗೆ ಬರ್ದಿದೀನಿ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದುರುಗಣ್ಣ ಯೋಚನೆ ಮಾಡುತ್ತಿದ್ದ. ಅವನು ಯೋಚನೆ ಮಾಡಿದರೆ ಅದು ಆಸ್ತಿಯ ಕಡೆಗೇ ಹೋಗುತ್ತದೆ.

"ಕೂಡಿ ತಂದಿದ್ರೆ ಅರ್ಧ ನಮ್ದು," ಅಂದ ನಿಧಾನವಾಗಿ. "ನಮ್ಮ ಮನೇಲಂತೂ ಕಾರಿಲ್ಲ. ಹಂಗಾದ್ರೆ ಆ ಕಾರು ಎಲ್ಲಿಗೆ ಹೋತು ಪ್ರಸನ್ನಣ್ಣ?"

"ನಾನೂ ಅದನ್ನೇ ಕೇಳಾಣ ಅಂತಿದ್ದೆ. ನಿಮ್ಮಜ್ಜ ಒಳಗೆ ಕುಂತಿದಾನೆ, ನಮ್ಮಜ್ಜ ಹೊರಗೆ ನಿಂತಿದಾನೆ. ಹೊಡ್ಕಂಡು ಹೋದೋನು ಒಳಗೆ ಕುಂತೋನೇ ಇರ್ಬೇಕು."

"ನಮ್ಮಜ್ಜ ಕಳ್ಳ ಅಂತೀಯಾ?"

"ನಮ್ಮ ಅರ್ಧ ಕೊಡು, ಅನ್ನಲ್ಲ. ಈಗ ಅಂಥ ಗಾಡಿಗೆ ಏನು ಬೆಲೆ ಅಂತ ನಂಗೆ ಗೊತ್ತು."

ಐದು ನಿಮಿಷದಲ್ಲಿ ಮಾತು ವಕೀಲರವರೆಗೆ ಹೋಯಿತು. ಎಂದೂ ಇಲ್ಲದ ಕಾರಿನ ಮುಂದಿನ ಚಕ್ರ ನಿನಗೆ, ಹಿಂದಿನ ಚಕ್ರ ನನಗೆ ಅಂತ ಇಬ್ಬರು ದೊಡ್ಡ ಮನುಷ್ಯರು ಹರಿದು ಹಂಚಿಕೊಳ್ಳುತ್ತಿದ್ದರು, ಮೇಷ್ಟ್ರು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಕೊನೆಗೆ ಇಬ್ಬರೂ ಒಟ್ಟಿಗೆ ಕನಕರಾಜನ ಕಡೆ ತಿರುಗಿದರು.

"ಕೋರ್ಟಿನಲ್ಲಿ ಇವನೇ ಸಾಕ್ಷಿ," ಅಂದ ದುರುಗಣ್ಣ.

"ನಮ್ಮ ಕಡೆ ಸಾಕ್ಷಿ," ಅಂದ ಪ್ರಸನ್ನಕುಮಾರ್.

ಕೋರ್ಟು ಅಂದ ಕೂಡಲೇ ಕನಕರಾಜನ ಧೈರ್ಯವೆಲ್ಲ ಇಳಿಯಿತು. "ಅಯ್ಯೋ, ಅದು ಕಾರೇ ಅಲ್ಲ ಕಣ್ರಪ್ಪ," ಅಂದುಬಿಟ್ಟ. "ಪ್ಲೈವುಡ್ಡು. ಸ್ಟುಡಿಯೋದಾಗೆ ಇಟ್ಟಿದ್ದ ಹಲಗೆ. ಸಿಗ್ನಲ್ ದೀಪ ಅಲ್ಲ ಅದು, ಮೊಳೆ. ನಿಮ್ಮ ಇಬ್ರ ಅಜ್ಜಂದಿರೂ ಕಾರು ಕಂಡೋರೇ ಅಲ್ಲ. ಕಾಳಕ್ಕನ್ನ ಕೇಳ್ರಿ, ಅವಳ ಹತ್ರಾನೂ ಅದೇ ಹಲಗೆ ಫೋಟೋ ಐತೆ."

ಎಲ್ಲರೂ ಕಾಳಕ್ಕನ ಕಡೆ ನೋಡಿದರು. ಕಾಳಕ್ಕ ಅವಸರ ಮಾಡಲಿಲ್ಲ. ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹಾಕಿಕೊಂಡಳು.

"ಮೇಷ್ಟ್ರೆ, ಆ ಬೋರ್ಡಿನ ಮ್ಯಾಲೆ ಯಾರ ಹೆಸ್ರು ಬರ್ಸ್ತೀರಿ?"

"ಬೀದಿಗೆ ಮೊದಲ ಕಾರು ತಂದೋರದ್ದು ಕಣಕ್ಕ."

"ಯಾವಾಗ್ಲೂ ಇರ್ತತಾ?"

"ಕಬ್ಬಿಣದ ಬೋರ್ಡು. ನೂರು ವರ್ಷ ಇರ್ತತೆ."

ಕಾಳಕ್ಕ ಸೆರಗಿನಿಂದ ಫೋಟೋ ತೆಗೆದು ಮೇಷ್ಟ್ರ ಕೈಗೆ ಕೊಟ್ಟಳು. "ಪಿಲೈವುಡ್ಡಾ? ಯಾವೋನು ಹೇಳಿದ್ದು? ನಮ್ಮೋರು ನಲವತ್ತು ಕುರಿ ಮಾರಿ ತಂದಿದ್ದ ಗಾಡಿ ಅದು. ನಾನೇ ಓಡಿಸ್ತಿದ್ದೆ. ಇವರಿಬ್ರ ಅಜ್ಜಂದಿರು ಬಂದು, ತಂಗೀ, ಒಂದು ಗಳಿಗೆ ಕುಂತು ಫೋಟ ತೆಗೆಸ್ಕಂತೀವಿ ಅಂತ ಕೈ ಮುಗಿದ್ರು. ಪಾಪ ಅಂತ ಬಿಟ್ಟೆ. ಆ ಗೀರು ಮಾಡಿಟ್ಟೋರೂ ಅವರೇ."

"ಕಾಳಕ್ಕ, ಮಧ್ಯಾಹ್ನ ನೀನೇ ಹೇಳ್ದಲ್ಲ, ಸ್ಟೂಲು, ನಾಲ್ಕಾಣೆ..." ಅಂದ ಕನಕರಾಜ.

"ನಂಗೆ ವಯಸ್ಸಾತು ಕಣಪ್ಪ, ಮಧ್ಯಾಹ್ನದ್ದೆಲ್ಲ ನೆನಪಿರಲ್ಲ. ಹಳೇದು ಮಾತ್ರ ನೆನಪೈತೆ."

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಮೂರು ಫೋಟೋಗಳನ್ನೂ ಸಾಲಾಗಿ ಇಟ್ಟರು. ಒಂದು ಕೈಯಲ್ಲಿ ಕನಕರಾಜನ ಕಾಗದ ಹಿಡಿದರು. "ಸಿಗ್ನಲ್ ದೀಪ ಮೂರರಲ್ಲೂ ಐತೆ. ಆದ್ರೆ ಕಾಳಕ್ಕನ ಫೋಟೋದಾಗೆ ಗೀರಿಲ್ಲ. ಗೀರು ಇಲ್ದಿದ್ರೆ ಹೊಸ ಗಾಡಿ. ಶಾಸ್ತ್ರ ಹೇಳ್ದೋನು ಇಲ್ಲೇ ಅವ್ನೆ, ಸಹಿ ಐತೆ." ಕನಕರಾಜ ಬಗ್ಗಿ ನೋಡಿದ. ಗೀರು ನಿಜವಾಗಿಯೂ ಇರಲಿಲ್ಲ. ಕಾಳಕ್ಕ ಸ್ಟುಡಿಯೋಗೆ ಹೋದಾಗ ಹಲಗೆಗೆ ಬಣ್ಣ ಹೊಸದಾಗಿತ್ತು, ಅಷ್ಟೇ.

"ಪ್ಲೈವುಡ್ಡು ಮೇಷ್ಟ್ರೆ," ಅಂದ.

"ಬೆಳಗ್ಗೆ ಜೋವೆಟ್ಟು, ಮಧ್ಯಾಹ್ನ ಲಾಂಚೆಸ್ಟರ್ರು, ಸಂಜೆ ಪ್ಲೈವುಡ್ಡು. ಯಾವ್ದಾದ್ರೂ ಒಂದಕ್ಕೆ ನಿಲ್ಲಪ್ಪ," ಅಂದರು ಮೇಷ್ಟ್ರು, ಮತ್ತು ಪೇಂಟರಿಗೆ ಸನ್ನೆ ಮಾಡಿದರು. ಅಲ್ಲಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಮಾರಣ್ಣ ಎಲ್ಲರಿಗೂ ಟೀ ಹಂಚಿದ, ಕನಕರಾಜನನ್ನು ಬಿಟ್ಟು.

ದುರುಗಣ್ಣ ಅಜ್ಜನನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದ. "ನಮ್ಮಜ್ಜ ಕುರಿ ಕಾಯೋರ ಗಾಡೀಲಿ ಬೇಡಿ ಕುಂತಿದ್ದ ಅಂತ ಬೀದಿಗೆಲ್ಲ ಸಹಿ ಹಾಕಿ ಕೊಟ್ಟೆಯಲ್ಲ. ತಿಂಗಳ ಕೊನೆಗೆ ಬೀಗದ ಕೈ ಕೊಟ್ಬಿಡು." ಪ್ರಸನ್ನಕುಮಾರ್ ಅಷ್ಟೂ ಮಾತಾಡಲಿಲ್ಲ. "ನಾಳೆಯಿಂದ ಮಂಡಿ ಕಡೆ ಬರಬ್ಯಾಡ" ಅಂದ. ಬೆಳಗ್ಗೆಯಿಂದ ಮುಖ ಕಂಡರಾಗದಿದ್ದ ಇಬ್ಬರೂ ಒಂದೇ ಬೈಕಿನಲ್ಲಿ ಕೂತು ಹೋದರು. ಯಮುನಾ ರಾಮಗಿರಿಗೆ ಬಸ್ಸು ಎಷ್ಟೊತ್ತಿಗೆ ಅಂತ ಪಕ್ಕದವಳನ್ನು ಕೇಳುತ್ತಿದ್ದಳು.

ಜೇಬಿನಲ್ಲಿ ಫೋನು ಗುನುಗಿತು. ಕೊಯಮತ್ತೂರಿನ ಹಿರಿಯರು ಕೊನೆಗೂ ನೋಡಿ ಹೇಳಿದ್ದರು. ಇದು ಸ್ಟುಡಿಯೋದ ಪ್ಲೈವುಡ್, ಮಡ್‌ಗಾರ್ಡಿನ ಮೇಲಿರುವುದು ಮೊಳೆ, ಇದನ್ನು ಜೋವೆಟ್ ಎಂದವರು ಈ ಗುಂಪಿನಲ್ಲಿ ಇರಲು ಯೋಗ್ಯರಲ್ಲ. ಅದರ ಕೆಳಗೆ ಕನಕರಾಜನನ್ನು ಗುಂಪಿನಿಂದ ತೆಗೆಯಲಾಗಿದೆ ಅಂತ ಒಂದು ಸಾಲಿತ್ತು. ಆ ದಿನ ಅವನ ಮಾತನ್ನು ಒಪ್ಪಿದವರು ಅವರೊಬ್ಬರೇ. ಅವರಿಗೆ ಉತ್ತರ ಬರೆಯುವ ದಾರಿಯೂ ಈಗ ಇರಲಿಲ್ಲ.

ಕಂಬದ ದೀಪ ಹೊತ್ತಿಕೊಂಡಿತು. ಬೋರ್ಡಿನ ಮೇಲೆ 'ಕಾಳಕ್ಕ' ಅನ್ನುವ ಹಸಿ ಬಣ್ಣ ಮಿಂಚುತ್ತಿತ್ತು. ಕಾಳಕ್ಕ ಕಟ್ಟೆಯಿಂದ ಮೆಲ್ಲಗೆ ಇಳಿದು, ಕನಕರಾಜನ ಪಕ್ಕಕ್ಕೆ ಬಂದು, ಯಾರಿಗೂ ಕೇಳದಂತೆ ದನಿ ತಗ್ಗಿಸಿದಳು.

"ಬೇಜಾರು ಮಾಡ್ಕಬ್ಯಾಡ ಮಗ. ನಮ್ಮ ಹಟ್ಟಿ ಪಕ್ಕ ಒಂದು ರೂಮು ಖಾಲಿ ಐತೆ, ವಾಸನೆ ಸ್ವಲ್ಪ, ಬಂದು ಇದ್ದುಬಿಡು. ಅಂದಂಗೆ, ನಮ್ಮ ಕಾರಿನ ಹೆಸ್ರು ಏನು ಅಂದೆ, ಜೋವೆಟ್ಟಾ? ಒಂದು ಚೀಟೀಲಿ ಬರ್ಕೊಡು. ನಾಳೆ ಯಾರಾದ್ರೂ ಕೇಳಿದ್ರೆ ಮರ್ತುಬಿಡ್ತೀನಿ."

ಕನಕರಾಜ ಜೇಬಿನಿಂದ ಪೆನ್ನು ತೆಗೆದ.